ಗಾಲ್ಫ್ ಟೂರ್‌ಗೆ ಹೊರಟಿರುವ ಕ್ಯಾಡಿಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಸಲ ಪ್ರೊ ಆಟಗಾರರ ಬ್ಯಾಗ್ ಹೊತ್ತು ಜೊತೆಗೆ ಹೊರಡುವ ಕ್ಯಾಡಿ ಹುಡುಗರು ಇದನ್ನು ಪೂರ್ತಿ ಓದಿ.

ಬ್ಯಾಗ್ ಹೆಗಲಿಗೇರಿಸುವ ಮೊದಲೇ ದುಡ್ಡಿನ ಮಾತು ಮುಗಿಸಿಕೊಳ್ಳಿ. ವಾರಕ್ಕೆ ಎಷ್ಟು, ಬಹುಮಾನದಲ್ಲಿ ಪಾಲು ಎಷ್ಟು, ರೈಲು ಚಾರ್ಜು, ರೂಮು, ಊಟ ಯಾರದ್ದು, ಎಲ್ಲ ವಾಟ್ಸಾಪ್‌ನಲ್ಲೇ ಬರೆಸಿಕೊಳ್ಳಿ. ನಾನೊಮ್ಮೆ ಬಾಯಿಮಾತು ನಂಬಿ ಹೋಗಿದ್ದೆ. 36 ಹೋಲ್ (ಎರಡು ಸುತ್ತು) ಆದ ಮೇಲೆ ನಮ್ಮ ಆಟಗಾರರು ಕಟ್ ದಾಟಲಿಲ್ಲ, ಅಂದರೆ ಮುಂದಿನ ಸುತ್ತುಗಳಿಗೆ ಉಳಿಯಲಿಲ್ಲ. ಅವರಿಗೆ ಬಹುಮಾನವಿಲ್ಲ, ನನಗೆ ಪಾಲಿಲ್ಲ. ವಾಪಸ್ ಟಿಕೆಟ್‌ಗೆ ಭಾವನ ಹತ್ತಿರ ಸಾಲ ಕೇಳಬೇಕಾಯಿತು.

ಅಮೆರಿಕದ ದೊಡ್ಡ ಟೂರ್‌ನಲ್ಲಿ ವಾರದ ಸಂಬಳದ ಜೊತೆ, ಗೆದ್ದರೆ ಬಹುಮಾನದ ಶೇ 10, ಮೊದಲ ಹತ್ತರಲ್ಲಿ ಬಂದರೆ ಶೇ 7, ಸುಮ್ನೆ ಕಟ್ ದಾಟಿದರೂ ಶೇ 5 ಕೊಡುವ ರೂಢಿ ಇದೆ. ಅದನ್ನು ಮುಂದಿಟ್ಟು ಮಾತಾಡಿ. ಸಂಕೋಚ ಬೇಡ. ನಾವು ಬರೀ ಬ್ಯಾಗ್ ಹೊರುವವರಲ್ಲ, ಅಲ್ವಾ? ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಇಬ್ಬನಿ ಇರುವಾಗಲೇ ಹೋಗಿ, ಹೆಜ್ಜೆ ಅಳೆದು, ಇಳಿಜಾರು ನೋಡಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವವರು ನಾವು.

ಕ್ಯಾಡಿಯಾಗಿದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಅವರೇ 2009ರಲ್ಲಿ ಇಂಡಿಯನ್ ಓಪನ್ ಗೆದ್ದಿದ್ದಾರೆ. ಆಟ ನಮಗೂ ಗೊತ್ತು.

ಮಾತಾಡಲು ಹಿಂಜರಿಕೆ ಇದ್ದವರು ಭಾನುವಾರ ಸಂಜೆ ದೊಮ್ಮಲೂರಿನ ಟೀ ಅಂಗಡಿ ಹತ್ತಿರ ಬನ್ನಿ. ಜೊತೆಗೆ ಕೂತು ಮೆಸೇಜ್ ಬರೆಯೋಣ.