ಅಗ್ನಿಶಾಮಕರಿಗೆ ಹಾರದ ಜೊತೆ ದಾರಿಯನ್ನೂ ಬಿಡೋಣ

ಮಾನ್ಯ ಸಂಪಾದಕರೇ,

ಏಪ್ರಿಲ್ 14 ಬಂತೆಂದರೆ ಅಗ್ನಿಶಾಮಕ ಸಪ್ತಾಹ ಶುರು. 1944ರಲ್ಲಿ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ, ಸ್ಫೋಟಕ ಎರಡನ್ನೂ ತುಂಬಿಕೊಂಡಿದ್ದ ಫೋರ್ಟ್ ಸ್ಟಿಕಿನ್ ಹಡಗಿನ ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ಅವರ ನೆನಪಿಗೆ ಹಾರ, ಭಾಷಣ ಎಲ್ಲ ಆಗುತ್ತದೆ, ಆಗಲೇಬೇಕು. ಆದರೆ ಈಗ ಕೆಲಸದಲ್ಲಿರುವವರಿಗೆ ನಮ್ಮಿಂದ ಎಷ್ಟು ಅಡ್ಡಿಯಾಗುತ್ತಿದೆ ಎಂಬ ಮಾತೇ ಬರುವುದಿಲ್ಲ.

'ಬೆಂಕಿ ಬಿದ್ದರೆ ಓಡುತ್ತಾರೆ, ಇಲ್ಲದಿದ್ದರೆ ಠಾಣೆಯಲ್ಲಿ ಆರಾಮ' ಎಂದು ನಮ್ಮವರೇ ಹೇಳುವುದನ್ನು ಕೇಳಿ ಸಂಕಟಪಟ್ಟಿದ್ದೇನೆ. ಪಾಳಿ ಶುರುವಾದರೆ ಹಾಜರಿ, ಕವಾಯತು. ಆಮೇಲೆ ಬಂಬಿನ (ಅಗ್ನಿಶಾಮಕ ವಾಹನದ) ಪಂಪು, ಹೋಸ್, ಏಣಿ, ಉಸಿರಾಟದ ಸಿಲಿಂಡರಿನ ಒತ್ತಡ, ಒಂದೊಂದನ್ನೂ ಪರೀಕ್ಷಿಸಬೇಕು. ಮಳೆಗಾಲದಲ್ಲಿ ಉರುಳಿದ ಮರ, ಕುಸಿದ ಚಾಳು, ಲಿಫ್ಟಿನಲ್ಲಿ ಸಿಕ್ಕಿಬಿದ್ದವರು, ಗ್ಯಾಸ್ ಸೋರಿಕೆ, ಸಂಕ್ರಾಂತಿ ಹೊತ್ತಿಗೆ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕ ಹಕ್ಕಿ, ಎಲ್ಲ ಕರೆಗೂ ಓಡುವವರು ಇವರೇ.

ಘಾಟ್‌ಕೋಪರಿನಲ್ಲಿ ಊರ ಕಡೆಯವರ ಹೋಟೆಲೊಂದರ ಚಿಮಣಿಗೆ ಬೆಂಕಿ ಹತ್ತಿದಾಗ ಎದುರಿನ ಫುಟ್‌ಪಾತಿನಲ್ಲಿದ್ದೆ. ಬಂಬಿನಿಂದ ಇಳಿದವರು ಕೇಳಿದ್ದು ಎರಡೇ ಮಾತು: ಒಳಗೆ ಯಾರಾದರೂ ಇದ್ದಾರಾ, ಸಿಲಿಂಡರ್ ಎಲ್ಲಿವೆ? ಒಬ್ಬ ಇನ್ನೊಬ್ಬನ ಮಾಸ್ಕಿನ ಪಟ್ಟಿಯನ್ನು ಎಳೆದು ನೋಡಿ, ಹೆಗಲು ತಟ್ಟಿ ಒಳಗೆ ಕಳಿಸಿದ. ಸ್ವಲ್ಪ ಹೊತ್ತಿನಲ್ಲೇ ಜ್ವಾಲೆ ಅಡಗಿ ಜನ ಚದುರಿದರು. ಅವರು ಹೋಗಲಿಲ್ಲ. ಹೊಗೆ ಹೋಗುವ ಡಕ್ಟಿನ ತಗಡು ಬಿಚ್ಚಿದರು, ಮೇಲಿನ ಕೋಣೆಯ ಗೋಡೆಯನ್ನು ಅಂಗೈ ಹಿಂಬದಿಯಿಂದ ಮುಟ್ಟಿ ಮುಟ್ಟಿ ನೋಡಿದರು. ಡಕ್ಟಿನಲ್ಲಿ ಕೂತ ಎಣ್ಣೆ ಜಿಡ್ಡು ಮತ್ತೆ ಯಾವಾಗ ಹೊತ್ತಿಕೊಳ್ಳುತ್ತದೋ ಹೇಳಲಾಗದು. ಬೆಂಕಿ ಕಣ್ಣಿಗೆ ಕಾಣದಂತಾದ ಮೇಲೂ ಅವರಿಗೆ ಅರ್ಧ ಕೆಲಸ ಬಾಕಿಯಿರುತ್ತದೆ.

2015ರ ಮೇ ತಿಂಗಳಲ್ಲಿ ಕಾಲ್ಬಾದೇವಿಯ ಗೋಕುಲ್ ನಿವಾಸದ ಬೆಂಕಿಯಲ್ಲಿ ದಳದ ಮುಖ್ಯಸ್ಥ ಸುನಿಲ್ ನೇಸರೀಕರ್ ಸೇರಿ ನಾಲ್ವರು ಅಧಿಕಾರಿಗಳನ್ನು ಈ ನಗರ ಕಳೆದುಕೊಂಡಿತು. ಇಲ್ಲಿ ಹಿರಿಯ ಅಧಿಕಾರಿಯೂ ಬೆಂಕಿಯೆದುರು ನಿಲ್ಲುತ್ತಾನೆ.

ಇಂಥವರಿಗೆ ನಾವು ಮಾಡುತ್ತಿರುವುದೇನು? ನಮ್ಮ ಕಟ್ಟಡಗಳಲ್ಲಿ ಬಂಬ್ ಒಳಬಂದು ತಿರುಗಲು ಬಿಟ್ಟ ಜಾಗದಲ್ಲಿ ಕಾರು ಸಾಲಾಗಿ ನಿಂತಿವೆ. ಬೆಂಕಿ ಬಿದ್ದಾಗ ಜನ ಆಸರೆ ಪಡೆಯಲೆಂದು ಬಿಟ್ಟ ರೆಫ್ಯೂಜ್ ಏರಿಯಾಕ್ಕೆ ಬೀಗ, ಒಳಗೆ ಹಳೆ ಸೋಫಾ. ಹೋಸ್ ಪೆಟ್ಟಿಗೆ ತೆರೆದರೆ ಹಿತ್ತಾಳೆಯ ನಾಝಲ್ ಇಲ್ಲ, ಯಾರೋ ಗುಜರಿಗೆ ಹಾಕಿದ್ದಾರೆ. ಬೆನ್ನ ಮೇಲಿನ ಸಿಲಿಂಡರಿನ ಗಾಳಿ ಮುಗಿಯುತ್ತ ಬಂದರೆ ಸೀಟಿ ಕೂಗುತ್ತದೆ. ಅಷ್ಟರೊಳಗೆ ಹೊಗೆಯಲ್ಲಿ ತಡಕಾಡಿ, ಜನರನ್ನು ಹುಡುಕಿ, ಹೊರಬರಬೇಕು. ಆ ನಿಮಿಷಗಳನ್ನು ನಮ್ಮ ಬೀಗ ಒಡೆಯುವುದಕ್ಕೆ ಖರ್ಚು ಮಾಡಿಸುವುದು ಅನ್ಯಾಯ.

ಮಹಾರಾಷ್ಟ್ರದ 2006ರ ಕಾಯ್ದೆಯ ಪ್ರಕಾರ ಅಗ್ನಿ ಸುರಕ್ಷಾ ವ್ಯವಸ್ಥೆ ಸರಿಯಿದೆ ಎಂಬ ಫಾರ್ಮ್ ಬಿ ಪ್ರಮಾಣಪತ್ರವನ್ನು ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈನಲ್ಲಿ, ಕೊಡಬೇಕು. ಲೈಸೆನ್ಸ್ ಇರುವ ಏಜೆನ್ಸಿಯಿಂದ ಸಹಿ ಮಾಡಿಸಿ ಫೈಲಿಗೆ ಸೇರಿಸಿದ ಮಾತ್ರಕ್ಕೆ ಪೈಪಿನಲ್ಲಿ ನೀರು ಬರುವುದಿಲ್ಲ. ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯವರು ಎದುರು ನಿಂತು ವಾಲ್ವ್ ತಿರುಗಿಸಿ ನೋಡಲಿ.

ಮುಂಬಯಿ ಮತ್ತು ಉಪನಗರಗಳ ಕನ್ನಡ ಸಂಘಗಳಲ್ಲಿ, ನಮ್ಮ ಹೋಟೆಲ್ ಮಾಲೀಕರಲ್ಲಿ ನನ್ನದೊಂದು ವಿನಂತಿ. ಸಪ್ತಾಹದಲ್ಲಿ ಶಾಲು ಹೊದಿಸುವುದರ ಜೊತೆಗೆ ಹತ್ತಿರದ ಠಾಣೆಯವರನ್ನು ಕರೆಸಿ ಒಂದು ಅಣಕು ಕಾರ್ಯಾಚರಣೆ ಮಾಡಿಸಿ. ಅಡುಗೆ ಭಟ್ಟರು, ಕ್ಲೀನರ್ ಹುಡುಗರು, ವಾಚ್‌ಮನ್, ಎಲ್ಲರೂ ಅಲ್ಲಿರಲಿ. 101ಕ್ಕೆ ಫೋನ್ ಮಾಡಿದಾಗ ಕಟ್ಟಡದ ಹೆಸರು, ಹತ್ತಿರದ ಗುರುತು, ಎಷ್ಟನೇ ಮಹಡಿ, ಒಳಗೆ ಯಾರಿದ್ದಾರೆ ಎಂದು ತಡವರಿಸದೆ ಹೇಳಲು ಅವರಿಗೆ ಬರಬೇಕು. ಫೋನಿಟ್ಟ ಕೂಡಲೇ ಒಬ್ಬರು ಗೇಟಿಗೆ ಓಡಿ ಎರಡೂ ಬಾಗಿಲು ತೆಗೆದಿಡಬೇಕು.

ಇಂತಿ,
ನಿಮ್ಮ ಓದುಗ, ಮುಲುಂಡ್