ಭಾನುವಾರ ಫೋನ್ ಮಾಡುವ ಸದಸ್ಯರ ಗಮನಕ್ಕೆ (ಕೋವಿಡ್ ಲಾಕ್‌ಡೌನ್ ಕಾಲದ ಸಂದೇಶ)

ಎಲ್ಲರಿಗೂ ನಮಸ್ಕಾರ.

ಲಾಕ್‌ಡೌನ್‌ನಿಂದ ನಮ್ಮ ವಾರ್ಡಿನ ಪಿಜಿಗಳಲ್ಲೇ ಉಳಿದಿರುವ ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್ ಕಡೆಯವರಿಗೆ ನಾಳೆ ಭಾನುವಾರ ಸಂಜೆ 5ರಿಂದ 7ರವರೆಗೆ ಕರೆ ಮಾಡುತ್ತೇವೆ. ಪಾರ್ಲರ್, ಹೋಟೆಲ್ ಕೆಲಸ ನಿಂತಿದೆ. ಅದರ ಮೇಲೆ ಬೀದಿಯಲ್ಲಿ 'ಕೊರೊನಾ' ಅಂತ ಕೂಗಿಸಿಕೊಳ್ಳುವುದು ಬೇರೆ. ಈ ಕಿರುಕುಳ ತಡೆಯಿರಿ ಎಂದು ಕೇಂದ್ರ ಗೃಹ ಸಚಿವಾಲಯವೇ 2020ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಬರೆದಿದೆ.

ಮೊದಲು ಊಟ, ಬಾಡಿಗೆ, ನಿದ್ದೆ ವಿಚಾರಿಸಿ. "ಡಿಪ್ರೆಶನ್ ಇದೆಯಾ?" ಅಂತ ಶುರು ಮಾಡಿದರೆ "ಚೆನ್ನಾಗಿದ್ದೀನಿ" ಅಂದು ಫೋನ್ ಇಡುತ್ತಾರೆ. ಅಕ್ಕಿ ಇಲ್ಲದವರಿಗೆ ಪ್ರಾಣಾಯಾಮ ಹೇಳಬೇಡಿ, ದಯವಿಟ್ಟು. ರೇಷನ್ ಕಿಟ್ ಕಳಿಸಿ, ಆಮೇಲೆ ಮಾತು. ಅವಮಾನದ ವಿಷಯ ಬಂದಾಗ "ತಲೆಗೆ ಹಚ್ಚಿಕೊಳ್ಳಬೇಡಿ" ಎನ್ನದೆ ಪೂರ್ತಿ ಕೇಳಿಸಿಕೊಳ್ಳಿ. ದೂರು ಕೊಡುವುದು ಬಿಡುವುದು ಅವರ ತೀರ್ಮಾನ. ದಿನ, ಹೊತ್ತು, ಜಾಗ ಮಾತ್ರ ಬರೆದಿಡಲು ಹೇಳಿ. ಮಾಲೀಕರು ಹೊರಗೆ ಹಾಕುತ್ತಿದ್ದರೆ ಕೂಡಲೇ 112.

ಭಾಷೆ ತೊಡಕಾದರೆ ಪಿಜಿ ಮಾಲೀಕರನ್ನೋ ರೂಮ್‌ಮೇಟನ್ನೋ ನಡುವೆ ತರಬೇಡಿ, ಅವರೆದುರು ಬಾಯಿ ಬಿಡುವುದಿಲ್ಲ. ಮಿಜೋ ಮಾತಾಡುವವರಿಗೆ ಮಣಿಪುರಿ ಬರುತ್ತದೆ ಎಂದುಕೊಳ್ಳುವುದೂ ತಪ್ಪು.

ಎರಡು ವಾರದಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದರೆ ನಿಮ್ಹಾನ್ಸ್ (ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ) ಸಹಾಯವಾಣಿ 080-46110007. ನಂಬರ್ ಕೊಟ್ಟು ಸುಮ್ಮನಾದರೆ ಹೆಚ್ಚಿನವರು ಮಾಡುವುದಿಲ್ಲ. ಕಾನ್ಫರೆನ್ಸ್ ಹಾಕಿ, ಆಪ್ತಸಮಾಲೋಚಕರು ಸಿಗುವವರೆಗೆ ಲೈನಿನಲ್ಲಿರಿ. ಸಾಯುವ ಮಾತು ಬಂದರೆ ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ.

ಯಾರ ಹೆಸರು, ರೂಮ್ ನಂಬರನ್ನೂ ಗುಂಪಿನಲ್ಲಿ ಹಾಕಬಾರದು. ಎಷ್ಟು ಕರೆ ವಹಿಸಿಕೊಳ್ಳುತ್ತೀರಿ (ಒಬ್ಬರಿಗೆ 4 ಸಾಕು), ಯಾವ ಭಾಷೆ ಬರುತ್ತದೆ, ಇಂದು ರಾತ್ರಿ 9ರೊಳಗೆ ತಿಳಿಸಿ.