ಡ್ರಾವರಿನಲ್ಲಿಟ್ಟ ಆಧಾರ್ ಕಾರ್ಡುಗಳನ್ನು ಇವತ್ತೇ ಕೊಟ್ಟುಬಿಡು

ಪ್ರೀತಿಯ ಪುಟ್ಟಾ,

ಭಾನುವಾರ ನಿನ್ನ ಪಾಲಿಹೌಸ್, ಅದೇ ಆ ಪ್ಲಾಸ್ಟಿಕ್ ಹೊದಿಸಿದ ಹೂವಿನ ಮನೆ, ನೋಡಿ ಬಂದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಗುಲಾಬಿ ಚೆನ್ನಾಗಿ ಬಂದಿವೆ, ಅದರಲ್ಲಿ ಎರಡು ಮಾತಿಲ್ಲ. ಪುಣೆ ಹತ್ತಿರದ ಹಿಂಜವಡಿಯ ಕೆಲಸ ಬಿಟ್ಟು ತಳೇಗಾಂವದಲ್ಲಿ ಜಾಗ ಲೀಸಿಗೆ ಹಿಡಿದೆ ಅಂತ ನಿಮ್ಮಪ್ಪ ಕೂಗಾಡಿದಾಗ ನಾನು ನಿನ್ನ ಪರ ಇದ್ದೆ, ಈಗಲೂ ಇದ್ದೇನೆ. ಆದರೆ ಒಂದು ವಿಷಯ ಹೇಳಲೇಬೇಕು. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ವ್ಯಾಪಾರಿಯ ಜೊತೆ ಮಾತಾಡುತ್ತಿದ್ದಾಗ ನಾನು ಶೆಡ್ಡಿನಲ್ಲಿ ಕೂತಿದ್ದೆ. ಕಲಬುರಗಿ ಕಡೆಯ ಆ ಹೆಣ್ಣುಮಗಳು ಹೂ ವಿಂಗಡಿಸುತ್ತಿದ್ದಳು. ಕಡ್ಡಿಯ ಉದ್ದ 40 ಸೆಂಟಿಮೀಟರಿನದು ಒಂದು ಕಡೆ, 50ರದು ಒಂದು ಕಡೆ, 60ರದು ಇನ್ನೊಂದು ಕಡೆ. ಹಳೇ ಸೀರೆಯ ಚಿಂದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು, ಹೆಬ್ಬೆರಳಿನ ಚಿಂದಿಯಲ್ಲಿ ರಕ್ತ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ಮುಖ ಅರಳಿತು. ಊರು, ಮಳೆ, ತೊಗರಿ, ಎಲ್ಲ ಮಾತಾಡಿದೆವು. ಸಂಕ್ರಾಂತಿಗೆ ಊರಿಗೆ ಹೋಗಲಿಲ್ವಾ ಅಂತ ಕೇಳಿದೆ. ಅವಳು ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಹೇಳಿದಳು: "ಹೆಂಗ ಹೋಗೂದ್ರೀ ಅಕ್ಕಾರ, ನಮ್ಮ ಕಾರ್ಡ ಸಾವ್ಕಾರ್ರ ಡ್ರಾವರದಾಗ ಅದಾವ."

ಆ ಸಾವ್ಕಾರ ಅಂದರೆ ನೀನು, ಪುಟ್ಟಾ. ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ನಿನ್ನನ್ನು ಕೇಳಿದಾಗ ನೀನು ಏನೂ ಆಗಿಲ್ಲ ಅನ್ನುವಂತೆ ಹೇಳಿದೆ. "ಅತ್ತೆ, ಮುಂಗಡ ಕೊಟ್ಟಿದ್ದೇನಲ್ವಾ, ಫೆಬ್ರವರಿ 14 ದಾಟುವವರೆಗೆ ಯಾರೂ ಬಿಟ್ಟು ಹೋಗಬಾರದು, ಆಳು ತಂದ ಮೇಸ್ತ್ರಿನೇ ಹಾಗೆ ಮಾಡಿ ಅಂದ, ಇಲ್ಲಿ ಎಲ್ಲರೂ ಮಾಡ್ತಾರೆ." ತಳೇಗಾಂವ ಇರುವ ಈ ಮಾವಳ ತಾಲೂಕಿನ ಗುಲಾಬಿಗೆ ವ್ಯಾಲೆಂಟೈನ್ ದಿನವೇ ಸುಗ್ಗಿ, ಆ ಎರಡು ವಾರ ಆಳು ಕೈಕೊಟ್ಟರೆ ವರ್ಷದ ದುಡಿಮೆ ನೀರಿಗೆ ಹೋದಂತೆ, ಅದೆಲ್ಲ ನನಗೂ ಗೊತ್ತು. ಆದರೆ ಸಾಲ ಕೊಟ್ಟು, ಕಾಗದ ಕಿತ್ತಿಟ್ಟುಕೊಂಡು, ಮನುಷ್ಯರನ್ನು ಜಾಗ ಬಿಟ್ಟು ಕದಲದ ಹಾಗೆ ಮಾಡುವುದಕ್ಕೆ ನಮ್ಮ ಭಾಷೆಯಲ್ಲಿ ಒಂದು ಹೆಸರಿದೆ. ಜೀತ. ಬೇರೆ ಮೆತ್ತಗಿನ ಹೆಸರು ನನಗೆ ಸಿಗಲಿಲ್ಲ.

ಕಾನೂನೂ ಅದನ್ನೇ ಹೇಳುತ್ತದೆ. ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ. ಸಾಲಕ್ಕೆ ಬದಲಾಗಿ ಆಳನ್ನು ಕಟ್ಟಿಹಾಕಿದ್ದಾರೆ ಅಂತಾದರೆ ಆ ಸಾಲವೇ ರದ್ದು, ಕಟ್ಟಿಹಾಕಿದವರಿಗೆ ಮೂರು ವರ್ಷದವರೆಗೆ ಜೈಲು. 1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡದ ಕೂಲಿಗಳ ಕೇಸಿನಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ ಅಂದಿತು. ಮುಂಗಡ ಕೊಡಬೇಡ ಅಂತ ನಾನು ಹೇಳುತ್ತಿಲ್ಲ. ಮನೆ ರಿಪೇರಿ, ಮಗಳ ಮದುವೆ, ಆಸ್ಪತ್ರೆ, ಅವರಿಗೂ ಖರ್ಚು ಬರುತ್ತವೆ. ಕೊಡು, ಪುಸ್ತಕದಲ್ಲಿ ಬರಿ, ಕೂಲಿಯಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೋ. ಎಲ್ಲ ಮುರಿತ ಸೇರಿಸಿದರೂ ಕೂಲಿಯ ಅರ್ಧ ದಾಟುವ ಹಾಗಿಲ್ಲ. ನಡುವೆ ಬಿಟ್ಟು ಹೋಗುತ್ತೇನೆ ಅಂದರೆ ಹೋಗಲಿ. ಕಾರ್ಡು ಮಾತ್ರ ಒಂದು ದಿನವೂ ನಿನ್ನ ಹತ್ತಿರ ಇರಬಾರದು. ರೇಷನ್ನಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಅದಿಲ್ಲದೆ ಅವರು ಹೇಗೆ ಹೋಗಬೇಕು?

ನಾನು ಇದನ್ನು ದೂರದಲ್ಲಿ ನಿಂತು ಹೇಳುತ್ತಿಲ್ಲ. ಮದುವೆಯಾಗಿ ಚಿಂಚವಾಡಕ್ಕೆ ಬಂದ ಮೇಲೆ ಒಂದು ನರ್ಸರಿಯಲ್ಲಿ ವರ್ಷಗಟ್ಟಲೆ ಹಾಜರಿ ಪುಸ್ತಕ ಬರೆದೆ, ಬಟವಾಡೆ ಮಾಡಿದೆ. ಅಲ್ಲಿ ಪ್ರತಿಯೊಬ್ಬರ 15 ದಿನದ ಕೂಲಿ ಯಾವಾಗಲೂ ಮಾಲೀಕರ ಹತ್ತಿರವೇ ಇರುತ್ತಿತ್ತು, ಓಡಿ ಹೋಗಬಾರದು ಅಂತ. ಒಂದು ಸಂಜೆ ಒಬ್ಬಳು ಬಂದಳು, ಮಗುವಿಗೆ ಜ್ವರ, ನನ್ನ ದುಡ್ಡು ನನಗೆ ಕೊಡಿ ಅಂದಳು. ದುಡ್ಡು ನನ್ನ ಕಪಾಟಿನಲ್ಲೇ ಇತ್ತು. ಮಾಲೀಕರು ಊರಲ್ಲಿಲ್ಲ, ಅವರನ್ನು ಕೇಳದೆ ಕೊಡಲು ಆಗಲ್ಲ ಅಂದುಬಿಟ್ಟೆ. ಮಾರನೇ ದಿನ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದಳು, ಕೂತು ಚೀಲಕ್ಕೆ ಮಣ್ಣು ತುಂಬತೊಡಗಿದಳು. ಅವಳ ಕಾಲ್ಬೆರಳಿನಲ್ಲಿ ಕಾಲುಂಗುರ ಇರಲಿಲ್ಲ. ಉಂಗುರ ಇದ್ದ ಜಾಗದಲ್ಲಿ ಬಿಳಿ ಗೆರೆ ಇತ್ತು. ಮಗು ಹುಷಾರಾಯಿತು, ಆದರೆ ಆ ಬಿಳಿ ಗೆರೆ ನನ್ನ ಕಣ್ಣಿಂದ ಹೋಗಿಲ್ಲ. ಅವಳು ದುಡಿದ ದುಡ್ಡನ್ನು ಅವಳಿಗೆ ಕೊಡಲಿಲ್ಲ ನಾನು. ತಪ್ಪು ನನ್ನದೂ ಇತ್ತು.

ಅದಕ್ಕೇ ಬಟವಾಡೆಯ ವಿಷಯದಲ್ಲಿ ನಾನು ಬಿಡುವವಳಲ್ಲ. ದಿನಗೂಲಿಯಾದರೆ ಆ ದಿನದ ಕೆಲಸ ಮುಗಿದಾಗಲೇ ಕೈಗೆ ಕೊಡಬೇಕು. ವಾರದ್ದಾದರೆ ವಾರದ ಕೊನೆಯ ಕೆಲಸದ ದಿನ, ತಿಂಗಳಿಂದಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ. ಕೆಲಸ ಬಿಟ್ಟು ಹೋದವರ ಬಾಕಿ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು. ಇದು 2019ರ ವೇತನ ಸಂಹಿತೆಯಲ್ಲಿರುವ ಮಾತು, 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ಮಾಮೂಲಿ ಹೊತ್ತಿಗಿಂತ ಜಾಸ್ತಿ ದುಡಿಸಿದರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ ಅಂತಲೂ ಅದರಲ್ಲಿದೆ. ಫೆಬ್ರವರಿ ಮೊದಲ ವಾರ ರಾತ್ರಿ ಹತ್ತರವರೆಗೆ ಪ್ಯಾಕಿಂಗ್ ಇರುತ್ತೆ ಅಂದೆಯಲ್ಲ, ಆ ಲೆಕ್ಕ ಈಗಲೇ ಹಾಕಿಟ್ಟುಕೋ. ಬರೀ ಚಹಾ, ವಡಾ ಪಾವ್ ಕೊಟ್ಟು ಮುಗಿಸುವ ಹಾಗಿಲ್ಲ. ಕನಿಷ್ಠ ಕೂಲಿಯ ದರ ಆಗಾಗ ಬದಲಾಗುತ್ತದೆ, ಪುಣೆಯ ಕಾರ್ಮಿಕ ಕಚೇರಿಗೆ ಒಂದು ದಿನ ಹೋಗಿ ಈಗಿನ ದರ ಬರೆದುಕೊಂಡು ಬಾ, ಮೇಸ್ತ್ರಿಯನ್ನು ಕೇಳಬೇಡ.

ಮೇಸ್ತ್ರಿ ಅಂದೆ, ನೆನಪಾಯಿತು. ಕೂಲಿ ಅವನ ಕೈಗೆ ಕೊಟ್ಟೆ, ನನ್ನ ಜವಾಬ್ದಾರಿ ಮುಗಿಯಿತು ಅಂದುಕೊಂಡಿದ್ದೀಯ. ಮುಗಿಯಲ್ಲ. ಅವನು ಕೊಡದಿದ್ದರೆ ತೋಟದ ಮಾಲೀಕನೇ ಕೊಡಬೇಕು. ಹಾಗಾಗಿ ಒಬ್ಬೊಬ್ಬರ ಖಾತೆಗೆ ನೀನೇ ನೇರ ಹಾಕು. ಗಂಡನ ಕೂಲಿ ಗಂಡನಿಗೆ, ಹೆಂಡತಿಯದು ಹೆಂಡತಿಗೇ.

ಇನ್ನು ಗಂಡಾಳಿಗೆ 500, ಹೆಣ್ಣಾಳಿಗೆ 350 ಅಂತ ನಿನ್ನ ಪುಸ್ತಕದಲ್ಲಿ ನೋಡಿದೆ. ಒಂದೇ ಸಾಲಿನಲ್ಲಿ ನಿಂತು ಒಂದೇ ಹೂ ಕೊಯ್ಯುವವರಿಗೆ ಎರಡು ದರ ಯಾಕೆ? ಸಮಾನ ಕೂಲಿಯ ಕಾನೂನು 1976ರಿಂದ ಇದೆ. ನಿನ್ನ ಅಜ್ಜಿ ಇಂಡಿಯಲ್ಲಿ ಕಂಡವರ ಹೊಲದಲ್ಲಿ ಕಳೆ ತೆಗೆದು ನಿಮ್ಮಪ್ಪನ ಫೀಸು ಕಟ್ಟಿದಳು, ಅವಳಿಗೂ ಗಂಡಸರಿಗಿಂತ ಕಡಿಮೆಯೇ ಕೊಡುತ್ತಿದ್ದರು. ಈ ಮಾತು ಇನ್ನೂ ಎಳೆಯಲ್ಲ, ಸರಿಮಾಡು ಅಷ್ಟೇ.

ರಜೆ ಹಾಕಿದರೆ ದಂಡ ಅಂತ ಮೇಸ್ತ್ರಿ ಏನಾದರೂ ಶುರು ಮಾಡಿದರೆ ಮೊದಲ ದಿನವೇ ನಿಲ್ಲಿಸು. ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಹೋಗುವ ಹೆಣ್ಣುಮಕ್ಕಳ ಸುದ್ದಿ 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತಲ್ಲ. ಗಂಡ ಹೆಂಡತಿಯನ್ನು ಸೇರಿಸಿ ಒಂದು 'ಕೋಯತಾ' ಅಂತ ಲೆಕ್ಕ, ಮುಂಗಡದ ಭಾರ, ಒಂದು ದಿನ ಮಲಗಿದರೆ ದಂಡ. ಮುಟ್ಟಿನ ನೋವಿಗೂ ರಜೆ ಇಲ್ಲದೆ ಎಷ್ಟೋ ಜನ ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡಿದ್ದರು. ಇದು ನಡೆದದ್ದು ನಾವಿರುವ ಇದೇ ಮಹಾರಾಷ್ಟ್ರದಲ್ಲಿ. ನಿನ್ನ ತೋಟದಲ್ಲಿ ಹೆಣ್ಣುಮಕ್ಕಳಿಗೆ ಒಂದು ಶೌಚಾಲಯವೂ ಇಲ್ಲ. ನಾನೇ ಅರ್ಧ ದಿನ ತಡೆದುಕೊಂಡು ಕೂತಿದ್ದೆ, ಅವರು ದಿನಾ ಏನು ಮಾಡುತ್ತಾರೆ ಅಂತ ಯೋಚಿಸು. ಲೀಸಿನ ಜಾಗ ಅಂತ ನೆಪ ಹೇಳಬೇಡ.

ಔಷಧಿ ಹೊಡೆಯುವ ಹುಡುಗ ಮೂಗಿಗೆ ಬರೀ ಕರ್ಚೀಫ್ ಕಟ್ಟಿಕೊಂಡಿದ್ದ, ಬರಿಗಾಲು. ಎರಡು ಸಾಲು ಆಚೆ ಹೆಂಗಸರು ಹೂ ಕೊಯ್ಯುತ್ತಿದ್ದರು. ಪಾಲಿಹೌಸ್ ಅಂದರೆ ಮುಚ್ಚಿದ ಮನೆ, ಗಾಳಿ ಎಲ್ಲಿಗೆ ಹೋಗಬೇಕು ಹೇಳು? 2017ರಲ್ಲಿ ಯವತ್ಮಾಳದ ಹತ್ತಿ ಹೊಲಗಳಲ್ಲಿ ಔಷಧಿ ಹೊಡೆಯುತ್ತಾ 20ಕ್ಕೂ ಹೆಚ್ಚು ಜನ ಸತ್ತರು, ಅದು ಬಯಲು ಹೊಲ. ಡಬ್ಬಿಯ ಮೇಲೆ ಕೆಂಪು ತ್ರಿಕೋನ ಇದ್ದರೆ ಅದು ಅತಿ ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಹಸಿರು. ಅವನಿಗೆ ಓದಲು ಬರಲ್ಲ, ನೀನು ಓದಿ ಹೇಳಬೇಕು. ಕೈಗವಸು, ಬೂಟು, ಮಾಸ್ಕ್, ಮೈ ಮುಚ್ಚುವ ಬಟ್ಟೆ, ಎಲ್ಲ ನಿನ್ನ ಖರ್ಚಿನಲ್ಲೇ. ಔಷಧಿ ಹೊಡೆಯುವಾಗ ಒಳಗೆ ಬೇರೆ ಯಾರೂ ಇರಕೂಡದು, ಡಬ್ಬಿಯಲ್ಲಿ ಬರೆದಷ್ಟು ಹೊತ್ತು ಕಳೆದ ಮೇಲೆಯೇ ಹೆಂಗಸರನ್ನು ಒಳಗೆ ಬಿಡು. ಕೊಯ್ಯುವವರಿಗೂ ಗಟ್ಟಿ ಕೈಗವಸು ಕೊಡಿಸು, ಆ ಚಿಂದಿ ನೋಡಲಾಗಲ್ಲ.

ಖರ್ಚು ಜಾಸ್ತಿ ಆಗುತ್ತೆ, ಗೊತ್ತು. ಶೌಚಾಲಯ ಕಟ್ಟಿಸಲು ಮತ್ತು ಕೂಲಿ ಸರಿಮಾಡಲು ಈ ಸಲ ಕೈ ಬಿಗಿ ಇದ್ದರೆ ನನ್ನ ಪೋಸ್ಟ್ ಆಫೀಸಿನ ದುಡ್ಡಿದೆ, ಕೇಳು. ಸಾಲವಾಗಿಯೇ ತಗೋ, ಹೂ ಮಾರಿ ಕೊಡು.

ಶನಿವಾರ ಬೆಳಗಿನ ಲೋಕಲ್‌ಗೆ ಬರುತ್ತೇನೆ. ಹಾಜರಿ ಪುಸ್ತಕ, ಮುಂಗಡದ ಲೆಕ್ಕ ಎರಡೂ ತೆಗೆದಿಡು, ಕೂತು ಒಬ್ಬೊಬ್ಬರ ಹೆಸರಿನ ಮುಂದೆ ಬಾಕಿ ಬರೆಯೋಣ, ಅವರಿಗೂ ಓದಿ ಹೇಳೋಣ. ಕಾರ್ಡು ಕೊಡಲು ನನಗೆ ಕಾಯಬೇಡ, ಪತ್ರ ಓದಿದ ಕೂಡಲೇ ಡ್ರಾವರ್ ತೆಗಿ. ರೊಟ್ಟಿ, ಶೇಂಗಾ ಹಿಂಡಿ ತರುತ್ತೇನೆ, ನಿನಗೂ, ಆ ಕಲಬುರಗಿ ಮಗಳಿಗೂ.

ನಿನ್ನ ಅತ್ತೆ